ಬೇಕು, ಬಹುದು, ಬರುತ್ತೆ: ಕನ್ನಡದಿಂದ ನೇರವಾಗಿ ಫ್ರೆಂಚಿನ ಮೂರು ಕ್ರಿಯಾಪದಗಳಿಗೆ

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಇಲ್ಲಿರುವ ನೀವೆಲ್ಲ ಒಂದಿಷ್ಟು ಫ್ರೆಂಚ್ ಕಲಿತವರು. ಕೆಲವರು ಪಿಯುಸಿಯಲ್ಲಿ ಎರಡನೇ ಭಾಷೆಯಾಗಿ ತಗೊಂಡಿದ್ದೀರಿ. ಕೆಲವರು ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ಗೆ ಸಂಜೆ ಹೋಗಿ ಕಲಿತಿದ್ದೀರಿ. ಕೆನಡಾಕ್ಕೆ ಹೋಗಲು ಪರೀಕ್ಷೆ ಕಟ್ಟುವವರೂ ಇದ್ದೀರಿ. ಎಲ್ಲರ ಪುಸ್ತಕದಲ್ಲೂ ಮೊದಲ ಕೆಲವು ಪಾಠಗಳಲ್ಲೇ ಮೂರು ಕ್ರಿಯಾಪದ ಬರುತ್ತವೆ. ವೂಲ್ವಾರ್, ಪೂವ್ವಾರ್, ದವ್ವಾರ್. ಪಕ್ಕದಲ್ಲಿ ಇಂಗ್ಲಿಷಿನ ಅರ್ಥ: ವಾಂಟ್, ಕ್ಯಾನ್, ಮಸ್ಟ್.

ನನ್ನ ತಕರಾರು ಇರುವುದು ಈ ಪಕ್ಕದ ಅರ್ಥದ ಬಗ್ಗೆ. ಆಸೆ, ಶಕ್ತಿ, ಬಾಧ್ಯತೆ, ಈ ಮೂರನ್ನು ಹೇಳುವಾಗ ನಮ್ಮ ಕನ್ನಡ ಎಷ್ಟೋ ಕಡೆ ಫ್ರೆಂಚಿಗೆ ಇಂಗ್ಲಿಷಿಗಿಂತ ಹತ್ತಿರ ಇದೆ. ನಾವು ಸುಮ್ನೆ ಇಂಗ್ಲಿಷಿನ ಮೂಲಕ ಸುತ್ತು ಹಾಕುತ್ತೇವೆ. ಆ ಸುತ್ತಿನಲ್ಲಿ ಕನ್ನಡದಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ವ್ಯತ್ಯಾಸಗಳೇ ಕಳೆದುಹೋಗುತ್ತವೆ.

ಶುರು ಮಾಡುವ ಮೊದಲು ಉಚ್ಚಾರಣೆಯ ಒಂದು ಮಾತು. 'ಜ ವೆ' ಅಂದರೆ ನನಗೆ ಬೇಕು. 'ಜ ಪೆ' ಅಂದರೆ ನನಗೆ ಆಗುತ್ತೆ. ಇಲ್ಲಿಯ 'ಎ' ಸ್ವರವನ್ನು ತುಟಿ ಗುಂಡಗೆ ಮಾಡಿಕೊಂಡು ಹೇಳಬೇಕು. ಆ ಸ್ವರಕ್ಕೆ ಕನ್ನಡದಲ್ಲಿ ಅಕ್ಷರ ಇಲ್ಲ, ಹಾಗಾಗಿ ಹತ್ತಿರದ್ದನ್ನು ಬಳಸುತ್ತಿದ್ದೇನೆ.

ಈಗ 'ಬೇಕು' ತಗೊಳ್ಳೋಣ. "ನನಗೆ ಈ ಸಿನಿಮಾ ನೋಡಬೇಕು" ಅಂದರೆ ಆಸೆ. "ನಾನು ಬ್ಯಾಂಕಿಗೆ ಹೋಗಬೇಕು" ಅಂದರೆ ಕೆಲಸ, ಕರ್ತವ್ಯ. 'ನನಗೆ' ಮತ್ತು 'ನಾನು' ಇಷ್ಟರಲ್ಲೇ ಅರ್ಥ ಬದಲಾಯಿತು, ಅಲ್ವಾ? ಮಾತಿನಲ್ಲಿ ಈ ಗಡಿ ಯಾವಾಗಲೂ ಇಷ್ಟು ಗಟ್ಟಿ ಇರುವುದಿಲ್ಲ. ಆದರೆ ಕೇಳುವವರಿಗೆ ಸಂದರ್ಭದಿಂದ ಗೊತ್ತಾಗುತ್ತದೆ. ಫ್ರೆಂಚ್ ಇಲ್ಲಿ ಕ್ರಿಯಾಪದವನ್ನೇ ಬದಲಾಯಿಸುತ್ತದೆ. ಆಸೆಗೆ ವೂಲ್ವಾರ್: 'ಜ ವೆ ವ್ವಾರ್ ಸ ಫಿಲ್ಮ್'. ಕರ್ತವ್ಯಕ್ಕೆ ದವ್ವಾರ್: 'ಜ ದ್ವಾ ಆಲೆ ಆ ಲಾ ಬಾಂಕ್'. 'ಬೇಕು' ಅಂತ ಬಾಯಿಗೆ ಬಂದಾಗ ಇದು ಮನಸ್ಸಿನ ಬೇಕಾ, ತಲೆಯ ಮೇಲಿರುವ ಬೇಕಾ ಅಂತ ಒಂದು ಕ್ಷಣ ಕೇಳಿಕೊಂಡರೆ ಅರ್ಧ ತಪ್ಪು ನಿಲ್ಲುತ್ತದೆ.

ನಮ್ಮ 'ಬೇಕು' ಇನ್ನೊಂದು ಕೆಲಸವನ್ನೂ ಮಾಡುತ್ತದೆ. "ಅವನಿಗೆ ಸುಸ್ತಾಗಿರಬೇಕು" ಅನ್ನುತ್ತೇವೆ. ಇದರಲ್ಲಿ ಯಾವ ಕರ್ತವ್ಯವೂ ಇಲ್ಲ, ಬರೀ ಊಹೆ. ದವ್ವಾರ್ ಕೂಡ ಹಾಗೇ: 'ಇಲ್ ದ್ವಾ ಎತ್ರ್ ಫಾತಿಗೆ'. ಅಂಗಡಿಯಲ್ಲಿ "ಎಷ್ಟು ಕೊಡಬೇಕು?" ಅಂತ ಕೇಳುತ್ತೇವಲ್ಲ, ಅದಕ್ಕೂ ಇದೇ ಕ್ರಿಯಾಪದ: 'ಜ ವೂ ದ್ವಾ ಕೋಂಬ್ಯಾಂ?' ಸಾಲ ಇರುವುದು ಅನ್ನುವುದೇ ದವ್ವಾರ್‌ನ ಹಳೆಯ ಅರ್ಥ. ಲ್ಯಾಟಿನ್‌ನ 'ದೆಬೆರೆ'ಯಿಂದ ಬಂದದ್ದು ಅದು. ಪ್ಯಾರಿಸ್ಸಿನ ಯಾವ ಬೇಕರಿಯಲ್ಲೂ ಈ ಪ್ರಶ್ನೆ ಕಿವಿಗೆ ಬೀಳಬಹುದು.

ಇನ್ನು ಪುಸ್ತಕದಲ್ಲಿ ಒಂದು ಮೂಲೆಗೆ ತಳ್ಳಿರುವ, ನನಗೆ ಎಲ್ಲಕ್ಕಿಂತ ಇಷ್ಟವಾದ ರೂಪ: 'ಇಲ್ ಫೋ'. ಇದು ಕನ್ನಡಿಗರಿಗೆ ಹೇಳಿ ಮಾಡಿಸಿದ ಹಾಗಿದೆ. ನಮ್ಮ 'ಬೇಕು' ನಾನು, ನೀನು, ಅವರು ಅಂತ ರೂಪ ಬದಲಿಸುವುದಿಲ್ಲ. ನಾನು ಹೋಗಬೇಕು, ನೀನು ಹೋಗಬೇಕು, ಅವರು ಹೋಗಬೇಕು. 'ಇಲ್ ಫೋ' ಕೂಡ ಬದಲಾಗುವುದಿಲ್ಲ. ಅದರಲ್ಲಿರುವ 'ಇಲ್' ಯಾವ ಗಂಡಸೂ ಅಲ್ಲ, ಖಾಲಿ ಜಾಗ ತುಂಬುವ ಶಬ್ದ ಅಷ್ಟೇ. 'ಇಲ್ ಫೋ ಪಾರ್ತಿರ್' ಅಂದರೆ 'ಹೊರಡಬೇಕು'. ಯಾರು ಅಂತ ಹೇಳಬೇಕಾಗಿಲ್ಲ, ನಮ್ಮಲ್ಲೂ ಹೇಳುವುದಿಲ್ಲ. ಇನ್ನೂ ಸೊಗಸಾದದ್ದು ಇದು: 'ಇಲ್ ಮ ಫೋ ಅಂ ಸ್ತಿಲೋ'. ಇದರಲ್ಲಿ 'ಮ' ಅಂದರೆ 'ನನಗೆ'. "ನನಗೆ ಒಂದು ಪೆನ್ನು ಬೇಕು." ಚತುರ್ಥಿ ವಿಭಕ್ತಿ ಸಮೇತ ಅದೇ ವಾಕ್ಯ! ಇಂಗ್ಲಿಷಿನಿಂದ ಬರುವವರಿಗೆ ಈ ರಚನೆ ಒಗಟು. ನಮಗೆ ಮನೆಮಾತು. ಹಾಗಂತ ಪಾಠದಲ್ಲಿ ಯಾರೂ ನಮಗೆ ಹೇಳುವುದಿಲ್ಲ ಅನ್ನುವುದೇ ನನಗೆ ಬೇಜಾರು.

ದವ್ವಾರ್‌ಗೂ ಇದಕ್ಕೂ ಏನು ವ್ಯತ್ಯಾಸ? 'ಇಲ್ ಫೋ ಪೆಯೆ' ಅಂದರೆ ದುಡ್ಡು ಕಟ್ಟಬೇಕು, ಅದು ನಿಯಮ, ಎಲ್ಲರಿಗೂ. 'ಜ ದ್ವಾ ಪೆಯೆ' ಅಂದರೆ ನಾನು ಕಟ್ಟಬೇಕು, ನನ್ನ ತಲೆಗೆ ಬಿದ್ದಿದೆ.

ರೂಪಗಳ ಬಗ್ಗೆ ಬೇಗ ಮುಗಿಸುತ್ತೇನೆ, ಕೋಷ್ಟಕ ನಿಮ್ಮ ಪುಸ್ತಕದಲ್ಲೇ ಇದೆ. ನಾನು, ನೀನು, ಅವನು ಮೂರಕ್ಕೂ ಕೇಳುವ ಶಬ್ದ ಒಂದೇ: ವೆ, ಪೆ, ದ್ವಾ. ನಾವು ಮತ್ತು ನೀವು ಬಂದಾಗ ಮೂಲ ಸ್ವರ ಮರಳುತ್ತದೆ: ನೂ ವೂಲೋಂ, ನೂ ಪೂವೋಂ, ನೂ ದವೋಂ. ಅವರು ಬಂದಾಗ ಕೊನೆಗೆ ಒಂದು ವ್ಯಂಜನ ಕೇಳಿಸುತ್ತದೆ: ವೆಲ್, ಪೆವ್, ದ್ವಾವ್. ಆ ವ್ಯಂಜನವನ್ನು ನುಂಗಬೇಡಿ. ಇಲ್ಲಿ 'ಅವನು', 'ಅವರು' ಎರಡೂ ಕಿವಿಗೆ 'ಇಲ್' ಅಂತಲೇ ಕೇಳುತ್ತವೆ. ಒಬ್ಬನೋ ಹಲವರೋ ಅಂತ ಗೊತ್ತಾಗುವುದು ಆ ವ್ಯಂಜನದಿಂದಲೇ. ಇವುಗಳ ನಂತರ ಬರುವ ಕ್ರಿಯಾಪದ ಮೂಲರೂಪದಲ್ಲೇ ಇರುತ್ತದೆ, ನಡುವೆ ಇನ್ನೇನೂ ಅಂಟಿಸಬೇಕಾಗಿಲ್ಲ.

ಈಗ ಶಕ್ತಿಯ ವಿಷಯ. ಇಂಗ್ಲಿಷಿನ 'ಕ್ಯಾನ್' ನಮ್ಮನ್ನು ಅತಿ ಹೆಚ್ಚು ಕೆಡಿಸುವುದು ಇಲ್ಲೇ. ಕನ್ನಡದಲ್ಲಿ ನಾವು ಮೂರು ಬೇರೆ ಬೇರೆ ಮಾತು ಆಡುತ್ತೇವೆ. "ನನಗೆ ಕಾರು ಓಡಿಸೋಕೆ ಬರುತ್ತೆ." "ಇವತ್ತು ಓಡಿಸೋಕೆ ಆಗಲ್ಲ." "ನಾನು ಇಲ್ಲಿ ಕೂರಬಹುದಾ?" ಕಲಿತ ವಿದ್ಯೆಗೆ ಬರುತ್ತೆ, ಈ ಹೊತ್ತಿನ ಸಾಧ್ಯತೆಗೆ ಆಗುತ್ತೆ, ಅನುಮತಿಗೆ ಬಹುದು. ಇಂಗ್ಲಿಷಿನಲ್ಲಿ ಮೂರಕ್ಕೂ 'ಕ್ಯಾನ್' ನಡೆಯುತ್ತದೆ. ಫ್ರೆಂಚಿನಲ್ಲಿ ಕಲಿತ ವಿದ್ಯೆಗೆ ಪೂವ್ವಾರ್ ಹೊಂದುವುದಿಲ್ಲ, ಅಲ್ಲಿ ಸವ್ವಾರ್ ಬರಬೇಕು. ಊಟದ ಮೇಜಿನಲ್ಲಿ ಎರಡು ಲೋಟ ವೈನ್ ಕುಡಿದವರು ಹೀಗೆ ಹೇಳುತ್ತಾರೆ: 'ಜ ಸೆ ಕೋಂದ್ವಿರ್, ಮೆ ಜ ನ ಪೆ ಪಾ ಕೋಂದ್ವಿರ್ ಸ ಸ್ವಾರ್'. ಓಡಿಸೋಕೆ ಬರುತ್ತೆ, ಆದರೆ ಇವತ್ತು ರಾತ್ರಿ ಆಗಲ್ಲ. ಈ ವಾಕ್ಯವನ್ನು ಕನ್ನಡದಲ್ಲಿ ಯೋಚಿಸಿದವರು ತಪ್ಪು ಮಾಡುವುದೇ ಕಷ್ಟ. 'ಕ್ಯಾನ್'ನಲ್ಲಿ ಯೋಚಿಸಿದವರು ಎರಡು ಕಡೆಯೂ 'ಪೆ' ಅಂದುಬಿಡುತ್ತಾರೆ. ಅಡುಗೆ ಬರುತ್ತೆ, ಈಜು ಬರುತ್ತೆ, ಹೊಲಿಗೆ ಬರುತ್ತೆ: 'ಬರುತ್ತೆ' ಅಂದ ಕಡೆಯಲ್ಲೆಲ್ಲ ಸವ್ವಾರ್.

ಮಾಂಟ್ರಿಯಲ್‌ಗೆ ಹೊರಟವರಿಗೆ ಒಂದು ಮಾತು. ಆ ಊರಿರುವ ಕೆಬೆಕ್ ಪ್ರಾಂತ್ಯದಲ್ಲಿ 'ನನ್ನ ಕೈಲಿ ಆಗಲ್ಲ' ಅನ್ನಲು 'ಕಪಾಬ್ಲ್' ಪದವನ್ನು ಜಾಸ್ತಿ ಬಳಸುತ್ತಾರೆ: 'ಜ ಸ್ವಿ ಪಾ ಕಪಾಬ್ಲ್'. ಇನ್ನು ಫ್ರಾನ್ಸಿನಲ್ಲೂ ಮಾತಿನ ಓಟದಲ್ಲಿ 'ಜ ನ ಪೆ ಪಾ' ಅನ್ನುವುದು 'ಷ್ಪೆ ಪಾ' ಆಗುತ್ತದೆ. 'ಇಲ್ ನ ಫೋ ಪಾ' ಅನ್ನುವುದು ಬರೀ 'ಫೋ ಪಾ'. ಪುಸ್ತಕ ಓದಿ ಹೋದವರಿಗೆ ಮೊದಲ ವಾರ ಇದೇ ದೊಡ್ಡ ಗೊಂದಲ. ಈಗಲೇ ಕಿವಿಗೆ ಹಾಕಿಕೊಳ್ಳಿ.

ಭೂತಕಾಲಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಲಿಯೋಂ ಸ್ಟೇಷನ್ನಿನಲ್ಲಿ ರೈಲು ತಡವಾಯಿತು ಅಂತಿಟ್ಟುಕೊಳ್ಳಿ. ನೀವು ಮನೆಗೆ ಫೋನ್ ಮಾಡಿ ಹೇಳುತ್ತೀರಿ: "ಎಂಟಕ್ಕೆ ಹೊರಡಬೇಕಿತ್ತು. ಎರಡು ಗಂಟೆ ಕಾಯಬೇಕಾಯಿತು." ಈ 'ಬೇಕಿತ್ತು', 'ಬೇಕಾಯಿತು' ನೋಡಿ. ಮೊದಲನೆಯದು ಅಂದುಕೊಂಡದ್ದು, ನಡೆಯಲಿಲ್ಲ. ಎರಡನೆಯದು ನಡೆದೇ ಹೋಯಿತು. ಫ್ರೆಂಚಿನಲ್ಲಿ ಇವಕ್ಕೆ ಎರಡು ಬೇರೆ ಭೂತಕಾಲಗಳಿವೆ. ಮೊದಲನೆಯದಕ್ಕೆ ಅಂಪಾರ್ಫೆ: 'ಜ ದವೆ ಪಾರ್ತಿರ್'. ಎರಡನೆಯದಕ್ಕೆ ಪಾಸೆ ಕೋಂಪೋಜೆ: 'ಜೆ ದ್ಯು ಅತಾಂದ್ರ್'. ಪೂವ್ವಾರ್ ಕೂಡ ಹೀಗೇ. 'ಜ ಪೂವೆ' ಅಂದರೆ ನನಗೆ ಆಗುತ್ತಿತ್ತು. 'ಜೆ ಪ್ಯು' ಅಂದರೆ ಆಯಿತು, ಮಾಡಿಯೇಬಿಟ್ಟೆ. ಈ ಎರಡು ಕಾಲಗಳ ವ್ಯತ್ಯಾಸಕ್ಕೆ ಪುಟಗಟ್ಟಲೆ ನಿಯಮ ಬರೆದಿರುತ್ತಾರೆ. ಈ ಕ್ರಿಯಾಪದಗಳ ಮಟ್ಟಿಗೆ 'ಇತ್ತು', 'ಆಯಿತು' ನೆನಪಿಟ್ಟುಕೊಂಡರೆ ಬಹುಪಾಲು ಸರಿಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ. "ಅವತ್ತೇ ಹೇಳಬೇಕಿತ್ತು, ಛೇ" ಅಂತ ಹಳಹಳಿಸುವ 'ಬೇಕಿತ್ತು' ಬೇರೆ. ಅದಕ್ಕೆ 'ಜೊರೆ ದ್ಯು' ಅನ್ನಬೇಕು.

ನಿಷೇಧದಲ್ಲಿ ಜಾರಿ ಬೀಳುವುದು ಸುಲಭ. "ನೀನು ಬರಬಾರದು" ಮತ್ತು "ನೀನು ಬರಬೇಕಾಗಿಲ್ಲ" ನಡುವೆ ಭೂಮಿ ಆಕಾಶದ ಅಂತರ. 'ಇಲ್ ನ ಫೋ ಪಾ', 'ತ್ಯು ನ ದ್ವಾ ಪಾ' ಎರಡೂ ಮೊದಲನೆಯದರ ಕಡೆಗೇ: ಬಾರದು, ಕೂಡದು. 'ಬೇಕಾಗಿಲ್ಲ' ಅನ್ನಲು ದಾರಿಯೇ ಬೇರೆ: 'ತ್ಯು ನೆ ಪಾ ಒಬ್ಲಿಜೆ ದ ವ್ನಿರ್', ಬರಲೇಬೇಕು ಅಂತೇನಿಲ್ಲ. ಸ್ನೇಹಿತೆಯ ಮೇಲೆ ಕಾಳಜಿಯಿಂದ 'ತೊಂದರೆ ತಗೋಬೇಡ, ಬರಬೇಕಾಗಿಲ್ಲ' ಅನ್ನಲು ಹೋಗಿ 'ತ್ಯು ನ ದ್ವಾ ಪಾ ವ್ನಿರ್' ಅಂದರೆ ಆಕೆಗೆ ಕೇಳಿಸುವುದು 'ಬರಕೂಡದು' ಅಂತಲೇ.

ಮರ್ಯಾದೆಯ ವಿಷಯ. ಕೆಫೆಯಲ್ಲಿ 'ಜ ವೆ ಅಂ ಕಫೆ' ಅಂದರೆ ವ್ಯಾಕರಣ ಸರಿ, ಆದರೆ ಮಕ್ಕಳು ಹಟ ಹಿಡಿದ ಹಾಗೆ ಕೇಳುತ್ತದೆ. ಮೊದಲು ಬೋಂಜೂರ್ ಅನ್ನಿ, ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ಕೆಡುತ್ತದೆ. ಆಮೇಲೆ 'ಜ ವೂದ್ರೆ ಅಂ ಕಫೆ, ಸಿಲ್ ವೂ ಪ್ಲೆ'. ಸಹಾಯ ಕೇಳಲು 'ಪೂರಿಯೆ ವೂ', ಅಂದರೆ ನಮ್ಮ 'ಸ್ವಲ್ಪ ಮಾಡಿಕೊಡ್ತೀರಾ?' ಇದ್ದ ಹಾಗೆ. ಸಲಹೆ ಕೊಡುವಾಗಲೂ 'ತ್ಯು ದ್ವಾ' ಒರಟು, 'ತ್ಯು ದವ್ರೆ' ಮೆತ್ತಗೆ. ಯಾರಾದರೂ ಕಾಫಿ ಕುಡೀತೀರಾ ಅಂತ ಕೇಳಿದರೆ 'ಜ ವೆ ಬ್ಯಾಂ' ಅನ್ನಬಹುದು. ಅದರಲ್ಲಿ ಹಟ ಇಲ್ಲ. 'ಆಗಲಿ, ಕೊಡಿ' ಅನ್ನುವ ಒಪ್ಪಿಗೆ ಅದು.

ಕನ್ನಡ ಕೈಬಿಡುವ ಜಾಗವೂ ಇದೆ. ನಾನು ಹೊರಡಬೇಕು ಅನ್ನುವ ಆಸೆಗೆ 'ಜ ವೆ ಪಾರ್ತಿರ್' ಸಾಕು. ನೀನು ಹೊರಡಬೇಕು ಅಂತ ನನ್ನ ಆಸೆಯಾದರೆ 'ಜ ವೆ ಕ ತ್ಯು ಪಾರ್ತ್'. ಇಲ್ಲಿ ಎರಡನೇ ಕ್ರಿಯಾಪದ ಸುಬ್‌ಜೋಂಕ್ತಿಫ್ ರೂಪಕ್ಕೆ, ಅಂದರೆ ಇಂಥ ಆಸೆಯ ಮಾತಿನ ನಂತರ ಬರುವ ಬೇರೆಯೇ ರೂಪಕ್ಕೆ, ಹೋಗುತ್ತದೆ. ಇದಕ್ಕೆ ನಮ್ಮಲ್ಲಿ ಸರಿಸಾಟಿ ಇಲ್ಲ. ಕೂತು ಬಾಯಿಪಾಠ ಮಾಡಬೇಕು, ಬೇರೆ ದಾರಿ ನನಗೆ ಕಂಡಿಲ್ಲ.

ಕೊನೆಗೆ ಒಂದೇ ಒಂದು ವಾಕ್ಯ ಓದಿಸುತ್ತೇನೆ. 1789ರ ಆಗಸ್ಟ್ 26ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆ ಮನುಷ್ಯ ಮತ್ತು ನಾಗರಿಕರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರಲ್ಲಿ 17 ವಿಧಿಗಳು. ಇವತ್ತಿಗೂ ಅಲ್ಲಿನ ಸಂವಿಧಾನದ ಬಲ ಅದಕ್ಕಿದೆ. 5ನೇ ವಿಧಿಯಲ್ಲಿ ಹೀಗಿದೆ: 'ತೂ ಸ ಕಿ ನೆ ಪಾ ದೆಫಾಂದ್ಯು ಪಾರ್ ಲಾ ಲ್ವಾ ನ ಪೆ ಎತ್ರ್ ಅಂಪೆಶೆ, ಎ ನ್ಯುಲ್ ನ ಪೆ ಎತ್ರ್ ಕೋಂತ್ರೆಂ ಆ ಫೆರ್ ಸ ಕೆಲ್ ನೊರ್ದೊನ್ ಪಾ'. ಎರಡು ಕಡೆ 'ಪೆ' ಇದೆ, ಗಮನಿಸಿ. ಮೊದಲನೆಯ 'ನ ಪೆ' ನಂತರ 'ಪಾ' ಇಲ್ಲ. ಬರವಣಿಗೆಯ ಗಂಭೀರ ಫ್ರೆಂಚಿನಲ್ಲಿ ಪೂವ್ವಾರ್‌ಗೆ ಆ ಸ್ವಾತಂತ್ರ್ಯ ಇದೆ. ಎರಡನೆಯ ಕಡೆ 'ನ್ಯುಲ್' ಅನ್ನುವುದರಲ್ಲೇ 'ಯಾರೂ ಇಲ್ಲ' ಇರುವುದರಿಂದ ಅಲ್ಲೂ 'ಪಾ' ಬೇಡ.

ಈಗ ಇದನ್ನು ಕನ್ನಡಕ್ಕೆ ತನ್ನಿ. 'ಸಾಧ್ಯವಿಲ್ಲ' ಅಂತ ಬರೆದರೆ ಕೆಡುತ್ತದೆ, ಯಾಕೆಂದರೆ ಸಿಪಾಯಿಗೆ ತಡೆಯುವ ತೋಳ್ಬಲ ಖಂಡಿತ ಇದೆ, ಇಲ್ಲದಿರುವುದು ಅಧಿಕಾರ. ಅದನ್ನು ಹೇಳಲು ನಮ್ಮಲ್ಲಿ 'ವಂತಿಲ್ಲ' ಇದೆ. "ಕಾನೂನು ನಿಷೇಧಿಸದ ಯಾವುದನ್ನೂ ತಡೆಯುವಂತಿಲ್ಲ. ಕಾನೂನು ವಿಧಿಸದ ಕೆಲಸವನ್ನು ಮಾಡು ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ."

ಪ್ರಶ್ನೆಗಳಿದ್ದರೆ ಕೇಳಿ. ಕನ್ನಡದಲ್ಲೇ ಕೇಳಿ.