‘ಯೇ’ ಪರವಾಗಿ ಒಂದು ವಕಾಲತ್ತು

ಎಲ್ಲರಿಗೂ ನಮಸ್ಕಾರ. 1611ರ ಇಂಗ್ಲಿಷ್ ಬೈಬಲ್ ತಿರುವಿದವರಿಗೆ ‘ಹೌದು’ ಎನ್ನುವ ಹಳೇ ‘ಯೇ’ (yea) ಗೊತ್ತಿರುತ್ತದೆ. ಅದು ‘ಯೆಸ್’ನ ಅಜ್ಜ, ವಯಸ್ಸಾಗಿ ಹೋಯಿತು ಅಂತ ನಾವೆಲ್ಲ ಅಂದುಕೊಂಡಿದ್ದೇವೆ ಅಲ್ವಾ? ತಪ್ಪು. ಅವೆರಡೂ ಜೊತೆಯಲ್ಲೇ ಬದುಕಿದ್ದವು. ಕೆಲಸ ಮಾತ್ರ ಬೇರೆ ಬೇರೆ.

‘ಬರ್ತೀಯಾ?’ ಅಂತ ನೇರವಾಗಿ ಕೇಳಿದರೆ ಉತ್ತರ ‘ಯೇ’ ಅಥವಾ ‘ನೇ’ (nay), ಅಂದರೆ ಹೌದು ಅಥವಾ ಇಲ್ಲ. ‘ಬರಲ್ವಾ?’ ಅಂತ ಕೇಳಿದರೆ ‘ಯೆಸ್’ ಅಥವಾ ‘ನೋ’. ಅಲ್ಲಿ ‘ಯೆಸ್’ ಅಂದರೆ ‘ಯಾಕೆ ಬರಲ್ಲ, ಬರ್ತೀನಿ’ ಅಂತ. ಅಂದರೆ ‘ಯೆಸ್’ ಮೂಲತಃ ಎದುರುತ್ತರ! ಜರ್ಮನ್ನರು ಈಗಲೂ ಈ ಕೆಲಸಕ್ಕೆ ‘ದೋಖ್’ ಅನ್ನುತ್ತಾರೆ, ಫ್ರೆಂಚರು ‘ಸಿ’ ಅನ್ನುತ್ತಾರೆ.

ಈ ನಿಯಮದ ಮೇಲೆ ಒಂದು ಜಗಳವೇ ನಡೆದಿದೆ. ನನಗೆ ತುಂಬಾ ಇಷ್ಟದ ಜಗಳ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವಿಲಿಯಂ ಟಿಂಡೇಲ್ ಬೈಬಲನ್ನು ಇಂಗ್ಲಿಷಿಗೆ ತಂದರು. ಅದರಲ್ಲಿ ಒಂದು ಕಡೆ ಸ್ನಾನಿಕ ಯೋಹಾನನನ್ನು ‘ನೀನು ಪ್ರವಾದಿಯಾ?’ ಅಂತ ಜನ ಕೇಳುತ್ತಾರೆ. ಟಿಂಡೇಲ್ ‘ನೋ’ ಅಂತ ಬರೆದರು. ಅವರ ಕಡು ವಿರೋಧಿ, ಪಂಡಿತ ಸರ್ ಥಾಮಸ್ ಮೋರ್ 1532ರಲ್ಲಿ ಹಿಡಿದುಕೊಂಡರು: ನೇರ ಪ್ರಶ್ನೆಗೆ ‘ನೇ’ ಬರಬೇಕು, ಇವನಿಗೆ ಇಂಗ್ಲಿಷೇ ಬರಲ್ಲ! ಅವರು ಕೊಟ್ಟ ಉದಾಹರಣೆ ನೋಡಿ: ‘ಧರ್ಮದ್ರೋಹಿ ಬೈಬಲ್ ಅನುವಾದಿಸಲು ಯೋಗ್ಯನೇ?’ ಉತ್ತರ: ‘ನೇ’. ವ್ಯಾಕರಣ ಹೇಳುವ ನೆಪದಲ್ಲಿ ಬೈಗುಳ. ಆದರೆ ಮಜಾ ಏನು ಗೊತ್ತಾ? ಉದಾಹರಣೆ ಸರಿ ಕೊಟ್ಟು, ಸೂತ್ರ ಹೇಳುವಾಗ ಮೋರ್ ಅದನ್ನು ಉಲ್ಟಾ ಹೇಳಿಬಿಟ್ಟರು! ಅಷ್ಟು ದೊಡ್ಡ ಪಂಡಿತರೇ ಎಡವಿದರು ಅಂದರೆ ನಿಯಮ ಆಗಲೇ ಸಡಿಲವಾಗಿತ್ತು ಅಂತಲೇ ಅಲ್ವಾ? ಮೋರ್ 1535ರಲ್ಲಿ, ಟಿಂಡೇಲ್ 1536ರಲ್ಲಿ, ಇಬ್ಬರೂ ಮರಣದಂಡನೆಗೆ ಹೋದರು. ‘ನೋ’ಗಾಗಿ ಅಲ್ಲ ಬಿಡಿ, ಧರ್ಮದ ಜಗಳಕ್ಕೆ.

ಕೊನೆಗೆ ಎದುರುತ್ತರ ಕೊಡುವ ‘ಯೆಸ್’ ಎರಡು ಬಗೆಯ ಪ್ರಶ್ನೆಗೂ ಉತ್ತರವಾಗಿ ಮನೆ ಯಜಮಾನನಾದ. ಉಪಯೋಗಕ್ಕೆ ಬರುವ ವ್ಯವಸ್ಥೆಯನ್ನು ಇಂಗ್ಲಿಷರು ಸುಮ್ನೆ ಕೈಬಿಟ್ಟರು ಅಂತಲೇ ನನ್ನ ವಾದ. ‘ಮೇಲ್ ಬಂದಿಲ್ವಾ?’ ಅಂತ ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಕೇಳುತ್ತಾರೆ. ನಮ್ಮ ಹುಡುಗ ‘ಹೌದು, ಬಂದಿಲ್ಲ’ ಅನ್ನುವ ಅರ್ಥದಲ್ಲಿ ‘ಯೆಸ್’ ಅನ್ನುತ್ತಾನೆ. ಲಂಡನ್ನಿನವರು ‘ಬಂದಿದೆ’ ಅಂದುಕೊಳ್ಳುತ್ತಾರೆ. ಮುಂದಿನದು ನಿಮಗೇ ಗೊತ್ತು.

ಹುಟ್ಟಿನ ವಿಷಯ ಚುಟುಕಾಗಿ ಹೇಳುತ್ತೇನೆ, ಸಮಯ ಮುಗಿಯಿತು ಅಂತ ಚೀಟಿ ಬಂದಿದೆ. ‘ಯೇ’ ಜರ್ಮನ್ನರ ‘ಯಾ’ದ ಹತ್ತಿರದ ನೆಂಟ. ಅದಕ್ಕೆ ‘ಹಾಗೇ ಆಗಲಿ’ ಎಂಬ ಅರ್ಥದ ತುಂಡು ಸೇರಿ ‘ಯೆಸ್’ ಆಗಿರಬೇಕು ಅನ್ನುತ್ತಾರೆ ವಿದ್ವಾಂಸರು. ಇನ್ನೊಂದು ಹಳೇ ಹೌದು ‘ಐ’ (aye). 1570ರ ದಶಕದಲ್ಲಿ ಇದ್ದಕ್ಕಿದ್ದಂತೆ ಬರಹದಲ್ಲಿ ಕಾಣಿಸಿತು. ಮೂಲ ಇವತ್ತಿಗೂ ಇತ್ಯರ್ಥವಾಗಿಲ್ಲ. ಆದರೂ ನಮ್ಮ ಲೋಕಸಭೆಯಲ್ಲಿ ಮಸೂದೆ ಪಾಸಾಗುವುದು ಅದರ ಮೇಲೆಯೇ, ‘ದಿ ಐಸ್ ಹ್ಯಾವ್ ಇಟ್’, ಅಂದರೆ ‘ಹೌದು ಅಂದವರೇ ಗೆದ್ದರು’ ಅಂತ. ಮೊದಲ ಸಲ ಕೇಳಿದವರಿಗೆ ಐಸ್‌ಕ್ಯಾಂಡಿ ನೆನಪಾದರೆ ಅವರ ತಪ್ಪಲ್ಲ.

ಹಡಗಿನವರ ‘ಐ ಐ ಸರ್’ ಬಗ್ಗೆಯೂ ಹೇಳಬೇಕಿತ್ತು. ಅದು ಬರೀ ಹೌದಲ್ಲ, ‘ಅರ್ಥವಾಯಿತು, ಮಾಡುತ್ತೇನೆ’ ಅಂತ. ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಐ ಐ ಸರ್!