ರಕ್ತಹೀನತೆಯ ಮೂಲ ಕರುಳಿನಲ್ಲಿದ್ದಾಗ

ಕೇಳುಗರಿಗೆ ನಮಸ್ಕಾರ.

ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಎಷ್ಟು ಮಲಗಿದರೂ ತೀರದ ಸುಸ್ತು, ಬಿಳಿಚಿದ ಮುಖ ಎಂದು ವೈದ್ಯರ ಬಳಿ ಬರುವ ಹಿರಿಯರ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆ ಬರೆದುಕೊಡುವುದು ಸುಲಭ. ಕೆಲವು ವಾರಗಳಲ್ಲಿ ಅಂಕಿ ಏರುತ್ತದೆ, ಮನೆಯವರೂ ನಿಶ್ಚಿಂತರಾಗುತ್ತಾರೆ. ಆದರೆ ಶರೀರದ ಕಬ್ಬಿಣ ಹೋದದ್ದೆಲ್ಲಿಗೆ ಎಂದು ಯಾರೂ ಕೇಳಿರುವುದಿಲ್ಲ.

ಆರೋಗ್ಯವಂತ ವಯಸ್ಕರು ಆಹಾರದಿಂದ ದಿನಕ್ಕೆ ಹೀರಿಕೊಳ್ಳುವ ಕಬ್ಬಿಣ 1ರಿಂದ 2 ಮಿಲಿಗ್ರಾಂ ಮಾತ್ರ. ಒಂದು ಮಿಲಿಲೀಟರ್ ರಕ್ತದಲ್ಲಿರುವುದು ಸುಮಾರು ಅರ್ಧ ಮಿಲಿಗ್ರಾಂ. ಆದ್ದರಿಂದ ದಿನವೂ ಒಂದು ಚಹಾ ಚಮಚದಷ್ಟು ರಕ್ತ ಕರುಳಿನಲ್ಲಿ ಜಿನುಗುತ್ತಿದ್ದರೆ, ಮಲದಲ್ಲಿ ಕಣ್ಣಿಗೆ ಏನೂ ಕಾಣಿಸದೆಯೇ, ಶರೀರದ ದಾಸ್ತಾನು ಕ್ರಮೇಣ ಬರಿದಾಗುತ್ತದೆ. ದಾಸ್ತಾನು ಎಷ್ಟಿದೆಯೆಂಬುದನ್ನು ಫೆರಿಟಿನ್ ಪರೀಕ್ಷೆ ತಿಳಿಸುತ್ತದೆ, ಆದರೂ ಸೋಂಕು ಅಥವಾ ಉರಿಯೂತವಿದ್ದಾಗ ಅದರ ಅಂಕಿ ಸಹಜವಾಗಿ ಕಂಡು ನಮ್ಮನ್ನು ದಾರಿ ತಪ್ಪಿಸಬಹುದು.

ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅತಿಯಾದ ಮುಟ್ಟಿನ ಸ್ರಾವ, ಗರ್ಭಧಾರಣೆ ಮುಂತಾದ ಕಾರಣಗಳನ್ನು ಮೊದಲು ನೋಡಬೇಕು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆ ಖಚಿತವಾದರೆ, ಹೊಟ್ಟೆಯ ಯಾವ ತೊಂದರೆ ಇಲ್ಲದಿದ್ದರೂ, ಮೇಲಿನಿಂದ ಎಂಡೋಸ್ಕೋಪಿ ಹಾಗೂ ಕೆಳಗಿನಿಂದ, ಗುದದ್ವಾರದ ಮೂಲಕ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿ ಎರಡನ್ನೂ ಮಾಡಿಸುವುದು ಸರಿಯಾದ ಕ್ರಮ.

ಬಾಯಿಯ ಮೂಲಕ ಇಳಿಸುವ ಕ್ಯಾಮೆರಾ ಕೊಳವೆಯಿಂದ ಅನ್ನನಾಳ, ಜಠರ ಮತ್ತು ಸಣ್ಣ ಕರುಳಿನ ಆರಂಭದ ಭಾಗ ಕಾಣುತ್ತವೆ. ಮಂಡಿನೋವಿಗೆಂದು ವರ್ಷಗಟ್ಟಲೆ ನುಂಗಿದ ಮಾತ್ರೆಗಳಿಂದಾದ ಹುಣ್ಣು, ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು, ಜಠರದ ಕ್ಯಾನ್ಸರ್ ಇಲ್ಲಿ ಸಿಗಬಹುದು. ತೋಟದಲ್ಲಿ ಬರಿಗಾಲಿನಲ್ಲಿ ದುಡಿಯುವವರ ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳುವೂ ಕೆಲವೊಮ್ಮೆ ಕಣ್ಣಿಗೆ ಬೀಳುತ್ತದೆ. ನೋಡಲು ಸಹಜವಾಗಿದ್ದರೂ ಸಣ್ಣ ಕರುಳಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದುಂಟು. ಗೋಧಿಯ ಅಂಶ ಒಗ್ಗದೆ ಕಬ್ಬಿಣದ ಹೀರಿಕೆಯೇ ಕುಂದುವ ಸೀಲಿಯಾಕ್ ಕಾಯಿಲೆಯನ್ನು ಅದರಿಂದ ಗುರುತಿಸಬಹುದು.

ಮೇಲೆ ಸಣ್ಣದೊಂದು ಹುಣ್ಣು ಸಿಕ್ಕಿತೆಂದು ಅಲ್ಲಿಗೇ ನಿಲ್ಲುವುದು ಅಪಾಯ. ದೊಡ್ಡ ಕರುಳಿನ ಬಲಭಾಗ ಅಗಲವಾಗಿರುತ್ತದೆ, ಅಲ್ಲಿ ಮಲವಿನ್ನೂ ತೆಳ್ಳಗಿರುತ್ತದೆ. ಹೀಗಾಗಿ ಆ ಭಾಗದ ಗಡ್ಡೆ ಮಲಬದ್ಧತೆಯನ್ನಾಗಲಿ ನೋವನ್ನಾಗಲಿ ತರದೆ ಬಹುಕಾಲ ಬೆಳೆಯಬಹುದು, ಅದರ ಏಕೈಕ ಸುಳಿವು ರಕ್ತಹೀನತೆಯೇ ಆಗಿರಬಹುದು. ಮೂಲವ್ಯಾಧಿಯಿದೆ, ಅದರಿಂದಲೇ ರಕ್ತ ಹೋಗಿರಬೇಕು ಎಂದು ಎಲ್ಲರೂ ಸಮಾಧಾನಪಟ್ಟುಕೊಂಡು ಕುಳಿತಾಗ, ಬೇಗ ಸಿಕ್ಕಿದ್ದರೆ ಗುಣಪಡಿಸಬಹುದಾಗಿದ್ದ ಕ್ಯಾನ್ಸರ್ ಕೈಮೀರುತ್ತದೆ. ನನ್ನನ್ನು ಅತಿಯಾಗಿ ಕಾಡುವ ಸಂಗತಿ ಇದು.

ಕೊಲೊನೋಸ್ಕೋಪಿಗೆ ಸುಮಾರು ಒಂದು ವಾರ ಮುಂಚೆ ಕಬ್ಬಿಣದ ಮಾತ್ರೆ ನಿಲ್ಲಿಸಬೇಕು, ಏಕೆಂದರೆ ಅದರಿಂದ ಕಪ್ಪಾಗಿ ಅಂಟಿಕೊಳ್ಳುವ ಮಲ ಕರುಳಿನ ಒಳಗೋಡೆಯನ್ನು ಮರೆಮಾಡುತ್ತದೆ. ರಕ್ತ ತೆಳುಗೊಳಿಸುವ ಔಷಧಿಯನ್ನು ಮಾತ್ರ ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಬಾರದು. ಹಿಂದಿನ ದಿನದಿಂದ ಕುಡಿಯಬೇಕಾದ ಭೇದಿಯ ದ್ರಾವಣ ಬೇಸರ ತರಿಸುವುದು ನಿಜ. ಪರೀಕ್ಷೆಯನ್ನು ಸಾಮಾನ್ಯವಾಗಿ ಮಂಪರಿನ ಔಷಧಿ ಕೊಟ್ಟೇ ಮಾಡುತ್ತಾರೆ.

ಎರಡೂ ಕಡೆ ಏನೂ ಸಿಗದೆ, ಮಾತ್ರೆಗೂ ಹಿಮೋಗ್ಲೋಬಿನ್ ಏರದಿದ್ದರೆ ಅಥವಾ ಏರಿದ್ದು ಮತ್ತೆ ಇಳಿದರೆ, ನುಂಗಬಹುದಾದ ಕ್ಯಾಪ್ಸೂಲ್ ಕ್ಯಾಮೆರಾದಿಂದ ಸಣ್ಣ ಕರುಳಿನ ಉದ್ದಕ್ಕೂ ಹುಡುಕಬಹುದು. ಕಾರಣ ಸಿಕ್ಕಿ ಅದಕ್ಕೆ ಚಿಕಿತ್ಸೆ ಆರಂಭವಾದ ಮೇಲೂ, ಹಿಮೋಗ್ಲೋಬಿನ್ ಸಹಜ ಮಟ್ಟ ಮುಟ್ಟಿದ ನಂತರ ಸುಮಾರು 3 ತಿಂಗಳು ಮಾತ್ರೆ ಮುಂದುವರಿಸಿ ದಾಸ್ತಾನು ತುಂಬಿಸಬೇಕು, ಆಮೇಲೂ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು.

ನಮಸ್ಕಾರ.