ಹಗೇವಿನಲ್ಲಿರುವ ಜೋಳ ಯಾರದು?

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗುರುಗಳೇ, ವಿದ್ಯಾರ್ಥಿ ಮಿತ್ರರೇ,

ನಮ್ಮ ದೇಶದ ವಿದೇಶಿ ವಿನಿಮಯ ಮೀಸಲು, ಅಂದರೆ ರಿಸರ್ವ್ ಬ್ಯಾಂಕ್ ಕೂಡಿಟ್ಟ ಡಾಲರ್ ಮೊದಲಾದ ವಿದೇಶಿ ಹಣ ಮತ್ತು ಚಿನ್ನದ ಸಂಗ್ರಹ, 700 ಶತಕೋಟಿ ಡಾಲರ್ ದಾಟಿತೆಂಬ ಸುದ್ದಿ 2024ರ ಅಕ್ಟೋಬರ್ ಮೊದಲ ವಾರದಲ್ಲಿ ಬಂದಾಗ, ಇದೇ ಧಾರವಾಡದ ಲೈನ್ ಬಜಾರಿನ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಪತ್ರಿಕೆ ಮಡಚುತ್ತ, ‘ಇನ್ನೇನ್ರೀ ಸರ, ದೇಶ ಸಾಹುಕಾರ ಆತಲ್ಲ’ ಎಂದರು. ಅಂದು ನಾನು ನಕ್ಕು ಸುಮ್ಮನಾದೆ. ಕೊಡದೆ ಉಳಿಸಿಕೊಂಡ ಆ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೀಸಲಿನ ನಾಲ್ಕು ಭಾಗಗಳು ನಿಮ್ಮ ಪಠ್ಯದಲ್ಲಿಯೇ ಇವೆ; ಅವನ್ನು ಮತ್ತೆ ಓದುವುದಿಲ್ಲ. ಅದರ ಬದಲು ರೋಣ ತಾಲ್ಲೂಕಿನ ನಮ್ಮೂರ ಮನೆಯ ಮುಂದಿದ್ದ ಹಗೇವಿನ ಸಂಗತಿ ಹೇಳುತ್ತೇನೆ. ಹಗೇವನ್ನು ನೋಡದೆ ಬೆಳೆದ ಮಕ್ಕಳು ಈ ಸಭೆಯಲ್ಲಿ ಬಹಳಿರುವುದರಿಂದ ಸ್ವಲ್ಪ ವಿವರಿಸಬೇಕು. ನೆಲದೊಳಗೆ ಗುಮ್ಮಟವನ್ನು ತಲೆಕೆಳಗು ಮಾಡಿದಂತೆ ಅಗೆದು, ಸುತ್ತಲೂ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವ ದಿನ ಯಾರೂ ತಟ್ಟನೆ ಒಳಗೆ ಇಳಿಯುತ್ತಿರಲಿಲ್ಲ. ಕಲ್ಲು ಸರಿಸಿ, ಕಾವು ಹೋಗಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲವೆಂದು ಅರ್ಥ; ಅಂದು ಜೋಳ ಇದ್ದೂ ಇಲ್ಲದಂತೆ. ಅರ್ಥಶಾಸ್ತ್ರದಲ್ಲಿ ದ್ರವ್ಯತೆ ಎನ್ನುವುದು ಇದನ್ನೇ: ಹಸಿವಾದ ದಿನ ಮೇಲೆ ಬರುವುದೆಷ್ಟು ಎಂಬ ಲೆಕ್ಕ. ನಮ್ಮ ಹಗೇವು ತುಂಬಿದಾಗ ಓಣಿಯವರೆಲ್ಲ ಅಜ್ಜನನ್ನು ಹೊಗಳುತ್ತಿದ್ದರು. ಅವರು ಹೋದ ಮೇಲೆ ಅಜ್ಜ ಮೆಲ್ಲಗೆ, ‘ಇದರಾಗ ನಮ್ಮದು ಹತ್ತು ಚೀಲ ಅಷ್ಟ ಐತಿ, ಉಳಿದದ್ದು ಬೀಗರದು, ಹಿಂದಿನ ಮನಿಯವರದು’ ಎನ್ನುತ್ತಿದ್ದ. ಮಳೆ ಕೈಕೊಟ್ಟ ವರ್ಷ ಬೀಗರ ಚಕ್ಕಡಿಯೂ ಹಿಂದಿನ ಮನೆಯವರ ಚಕ್ಕಡಿಯೂ ಒಂದೇ ವಾರದಲ್ಲಿ ಬಂದು ನಿಂತವು. ಅಜ್ಜಿ ಆ ವಾರವಿಡೀ ಯಾರೊಂದಿಗೂ ಮಾತನಾಡಲಿಲ್ಲವೆಂಬುದು ನಮ್ಮ ಮನೆಯ ಇತಿಹಾಸ; ಪರೀಕ್ಷೆಗೆ ಬರುವುದಿಲ್ಲ.

1991ರಲ್ಲಿ ದೇಶಕ್ಕೆ ಆದದ್ದೂ ಇದೇ. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿತು, ಅಲ್ಲಿ ದುಡಿಯುತ್ತಿದ್ದವರ ಹಣ ಬರುವುದು ಕುಂಠಿತವಾಯಿತು, ಅನಿವಾಸಿ ಭಾರತೀಯರು ತಮ್ಮ ಠೇವಣಿಗಳನ್ನು ಹಿಂಪಡೆಯತೊಡಗಿದರು, ಅಲ್ಪಾವಧಿ ಸಾಲ ಕೊಟ್ಟಿದ್ದ ಬ್ಯಾಂಕುಗಳು ನವೀಕರಿಸಲು ಒಪ್ಪಲಿಲ್ಲ. ಜೂನ್ ಹೊತ್ತಿಗೆ ಎರಡು-ಮೂರು ವಾರಗಳ ಆಮದಿಗಾಗುವಷ್ಟೇ ಡಾಲರ್ ಉಳಿದಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಅಡವಿಟ್ಟು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ 40 ಕೋಟಿ ಡಾಲರ್ ತರಬೇಕಾಯಿತು. ಮಗಳ ಮದುವೆಗೆ ತಾಳಿ ಅಡವಿಟ್ಟವರು ಈ ಸಭೆಯಲ್ಲಿಯೂ ಇರಬಹುದು. ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂದಿನ ಹಗೇವು ಬಹಳ ದೊಡ್ಡದೆಂಬುದನ್ನು ಒಪ್ಪುತ್ತೇನೆ. ಆದರೆ ಅದರಲ್ಲಿರುವ ಜೋಳ ಯಾರದು? ಚೀನಾ ತನ್ನ ಮೀಸಲನ್ನು ಬಹುಮಟ್ಟಿಗೆ ರಫ್ತಿನ ಮಿಗತೆಯಿಂದ ಕಟ್ಟಿತು. ನಮ್ಮ ಚಾಲ್ತಿ ಖಾತೆ, ಅಂದರೆ ವ್ಯಾಪಾರ, ಸೇವೆ ಮತ್ತು ದುಡಿಮೆಯಿಂದ ದೇಶಕ್ಕೆ ಬಂದ ಹಾಗೂ ಹೊರಹೋದ ಹಣದ ಲೆಕ್ಕ, ಈ ಶತಮಾನದಲ್ಲಿ ಮಿಗತೆ ಕಂಡದ್ದು 2001ರಿಂದ 2004ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಮತ್ತು ಕೋವಿಡ್ ಬಂದ 2020-21ರಲ್ಲಿ. ಉಳಿದ ವರ್ಷಗಳಲ್ಲಿ ಮೀಸಲು ಬೆಳೆದದ್ದು ಹೆಚ್ಚಾಗಿ ಹೊರಗಿನವರು ಹೂಡಿದ, ಸಾಲವಾಗಿ ಕೊಟ್ಟ, ಠೇವಣಿ ಇಟ್ಟ ಹಣದಿಂದ. ಬ್ಯಾಡಗಿ ಮೆಣಸಿನಕಾಯಿ ಕಡಲಾಚೆ ಹೋಗಿ ತಂದ ಡಾಲರ್ ನಮ್ಮದು. ಮುಂಬೈ ಷೇರುಪೇಟೆಗೆ ಬಂದ ಡಾಲರ್ ಬೀಗರದು.

ಮೊತ್ತ ನೋಡಿ ಮೋಸಹೋದವರ ಕಥೆ ಎರಡಿವೆ. 1997ರಲ್ಲಿ ಥಾಯ್ಲೆಂಡಿನ ಲೆಕ್ಕಪುಸ್ತಕದಲ್ಲಿ 30 ಶತಕೋಟಿ ಡಾಲರಿನಷ್ಟು ಮೀಸಲು ಕಾಣುತ್ತಿತ್ತು, ಆದರೆ ಅದರ ಬಹುಪಾಲನ್ನು ಅಲ್ಲಿನ ಕೇಂದ್ರ ಬ್ಯಾಂಕು ವಾಯಿದೆ ಒಪ್ಪಂದಗಳಲ್ಲಿ, ಅಂದರೆ ಮುಂದಿನ ದಿನಾಂಕಕ್ಕೆ ಡಾಲರ್ ಕೊಡುವ ಕರಾರುಗಳಲ್ಲಿ, ಆಗಲೇ ಕೊಡುವುದಾಗಿ ಒಪ್ಪಿಕೊಂಡಿತ್ತು; ಜುಲೈ 2ರಂದು ಅಲ್ಲಿನ ಕರೆನ್ಸಿ ಬಾತ್ ಕುಸಿಯಿತು. 2022ರಲ್ಲಿ ಶ್ರೀಲಂಕಾದ ಮೀಸಲಿನಲ್ಲಿ ಚೀನಾದೊಂದಿಗಿನ ಕರೆನ್ಸಿ ಅದಲುಬದಲು ಒಪ್ಪಂದದ ಒಂದೂವರೆ ಶತಕೋಟಿ ಡಾಲರ್ ಮೌಲ್ಯದ ಹಣ ಸೇರಿತ್ತು, ಆದರೆ ಷರತ್ತಿನಿಂದಾಗಿ ಅದನ್ನು ಮುಟ್ಟುವಂತಿರಲಿಲ್ಲ; ಮೇ ತಿಂಗಳಲ್ಲಿ ಬಳಸಬಹುದಾದದ್ದು ಐದು ಕೋಟಿ ಡಾಲರೂ ಇಲ್ಲವೆಂದು ಅವರ ಹಣಕಾಸು ಸಚಿವರೇ ಹೇಳಿದರು. ಕಂದೀಲು ಆರಿದ ಹಗೇವು ಅದು.

ಹಾಗಾದರೆ ಮೀಸಲು ಬೇಡವೇ ಎಂದು ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಬೇಕು. ವರ್ಷದೊಳಗೆ ತೀರಿಸಬೇಕಾದ ವಿದೇಶಿ ಸಾಲದಷ್ಟಾದರೂ ಕೈಯಲ್ಲಿರಬೇಕೆಂಬ ಗಿಡೋಟಿ-ಗ್ರೀನ್‌ಸ್ಪಾನ್ ಸೂತ್ರ ಬೀಗರ ಚಕ್ಕಡಿಯನ್ನು ನೆನಪಿಟ್ಟುಕೊಂಡೇ ಹುಟ್ಟಿದ್ದು. ಅದಕ್ಕೊಂದು ಬೆಲೆಯೂ ಇದೆ: ನಾವು ದುಬಾರಿ ಬಡ್ಡಿಗೆ ತಂದ ಹಣದ ದೊಡ್ಡ ಪಾಲನ್ನು ಅಮೆರಿಕದ ಸರ್ಕಾರಿ ಬಾಂಡುಗಳಲ್ಲಿ ಅಗ್ಗದ ಬಡ್ಡಿಗೆ ಇಡುತ್ತೇವೆ.

ಅಧ್ಯಕ್ಷರು ಎರಡನೆಯ ಚೀಟಿ ಕಳಿಸಿದ್ದಾರೆ. ಚಿನ್ನದ ಬಗ್ಗೆ ಒಂದೇ ಮಾತು: 2022ರಲ್ಲಿ ರಷ್ಯಾದ ಸುಮಾರು 300 ಶತಕೋಟಿ ಡಾಲರ್ ಮೀಸಲನ್ನು ಪಶ್ಚಿಮದ ದೇಶಗಳು ತಡೆಹಿಡಿದವು, 2023-24ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಬ್ರಿಟನ್ನಿನಲ್ಲಿದ್ದ ನೂರು ಟನ್ ಚಿನ್ನವನ್ನು ದೇಶದೊಳಗೆ ತಂದಿತು. ಇವೆರಡಕ್ಕೂ ನಂಟು ಕಟ್ಟುವ ಕೆಲಸವನ್ನು ನಿಮಗೇ ಬಿಡುತ್ತೇನೆ. ಎಸ್‌ಡಿಆರ್, ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿ ಸದಸ್ಯ ದೇಶಗಳಿಗೆ ಕೊಡುವ ಮೀಸಲು ಆಸ್ತಿ, ಅದರ ಹಂಚಿಕೆಯ ಕುರಿತು ಮೂರು ಹಾಳೆ ಬರೆದು ತಂದಿದ್ದೆ. ಬೇಕಾದವರು ಚಹಾದ ಹೊತ್ತಿಗೆ ಇಸಿದುಕೊಳ್ಳಿರಿ.